ಸಿಕಲ್ ಹಿಮೋಗ್ಲೋಬಿನ್ನಿನ ಆರನೆಯ ಸ್ಥಾನ: ಒಂದು ಗಣಕ ವಿಶ್ಲೇಷಣೆಯ ಕಾರ್ಯದಾಖಲೆ

ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು, ಆ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಮಗುವಿಗೆ ದಾಟಿದರೆ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡಗೋಲು ಕಣ ರಕ್ತಹೀನತೆ, ಉಂಟಾಗುತ್ತದೆ ಎಂಬುದು ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲೇ ಇರುವ ಸಂಗತಿ. ಆ ಒಂದು ವಾಕ್ಯದ ಹಿಂದೆ ಅಡಗಿರುವ ದ್ರವ್ಯರಾಶಿಯ ವ್ಯತ್ಯಾಸ, ವಿದ್ಯುದಂಶದ ವ್ಯತ್ಯಾಸ ಮತ್ತು ಅಣುಗಳು ಒಂದಕ್ಕೊಂದು ಅಂಟುವ ಬಗೆ ಇವು ಮೂರನ್ನೂ, ಯಾರಿಗೂ ಉಚಿತವಾಗಿ ಸಿಗುವ ದತ್ತಾಂಶ ಮತ್ತು ಸಾಫ್ಟ್‌ವೇರ್‌ಗಳಿಂದ ಮನೆಯ ಕಂಪ್ಯೂಟರಿನಲ್ಲಿಯೇ ಮೊದಲಿನಿಂದ ಲೆಕ್ಕ ಹಾಕಿ ನೋಡುವ ಉದ್ದೇಶದಿಂದ ಕೆಳಗಿನ ಕೆಲಸವನ್ನು ಕೈಗೆತ್ತಿಕೊಂಡೆ. ಇದೇ ಹಾದಿಯಲ್ಲಿ ಹೋಗಬಯಸುವವರಿಗೆ ಎಲ್ಲೆಲ್ಲಿ ನಿಂತು ಪರೀಕ್ಷಿಸಬೇಕೆಂದು ತಿಳಿಯಲಿ ಎಂದು ಇದನ್ನು ದಾಖಲಿಸುತ್ತಿದ್ದೇನೆ.

ಈ ಪ್ರೋಟೀನನ್ನೇ ಆರಿಸಿಕೊಳ್ಳಲು ಕಾರಣವಿದೆ. ಗಣಕ ವಿಧಾನಗಳನ್ನು ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಯಾರೂ ಮುಟ್ಟದ ಪ್ರೋಟೀನೊಂದಕ್ಕೆ ಕೈ ಹಾಕುತ್ತಾರೆ. ಪ್ರೋಗ್ರಾಂ ಏನಾದರೊಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ, ಆದರೆ ಅದು ಸರಿಯೇ ಎಂದು ತಾಳೆ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಸಿಕಲ್ ಹಿಮೋಗ್ಲೋಬಿನ್ನಿಗೆ ಆ ತೊಂದರೆಯಿಲ್ಲ. ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುತ್ತದೆ ಎಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿ ಇದನ್ನು ಅಣುಮಟ್ಟದ ಕಾಯಿಲೆಯೆಂದು ಕರೆದರು. ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಂ 1957ರಲ್ಲಿ ಬದಲಾದ ಅಮೈನೋ ಆಮ್ಲ ಯಾವುದೆಂದು ಹೆಸರಿಸಿದರು. 1997ರಲ್ಲಿ ಆಮ್ಲಜನಕರಹಿತ ಸಿಕಲ್ ಹಿಮೋಗ್ಲೋಬಿನ್ನಿನ ಹರಳಿನ ರಚನೆ 2.05 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ 0.1 ನ್ಯಾನೊಮೀಟರ್) ಸ್ಪಷ್ಟತೆಯಲ್ಲಿ ಪ್ರಕಟವಾಯಿತು. ಹೀಗಾಗಿ ನನ್ನ ಪ್ರತಿ ಹಂತಕ್ಕೂ ಪ್ರಯೋಗಾಲಯದಿಂದ ಬಂದ ಒಂದು ಉತ್ತರ ಮೊದಲೇ ಸಿದ್ಧವಿತ್ತು. ಇನ್ನೊಂದು ಕಾರಣ ಹತ್ತಿರದ್ದು. ಭಾರತದಲ್ಲಿ ಈ ಹಿಮೋಗ್ಲೋಬಿನ್ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಚಾಮರಾಜನಗರ ಜಿಲ್ಲೆಗೆ ಅಂಟಿಕೊಂಡೇ ಇರುವ ನೀಲಗಿರಿ ಬೆಟ್ಟಗಳ ಜನರಲ್ಲಿ. ಮೈಸೂರು, ಕೊಡಗು, ಚಾಮರಾಜನಗರಗಳ ಬುಡಕಟ್ಟು ಹಾಡಿಗಳಲ್ಲಿ ಇಂದಿಗೂ ಇದಕ್ಕಾಗಿ ರಕ್ತ ತಪಾಸಣೆ ನಡೆಯುತ್ತದೆ.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್, ಪೈಥಾನ್, ಅದರೊಳಗೆ ಬಯೋಪೈಥಾನ್, ರಚನೆಯನ್ನು ಕಣ್ಣಿಂದ ನೋಡಲು ಕೈಮೆರಾ ಎಕ್ಸ್, ಚಲನೆಯ ಲೆಕ್ಕಕ್ಕೆ ಗ್ರೋಮ್ಯಾಕ್ಸ್. ಕೊನೆಯ ಹಂತವೊಂದನ್ನು ಬಿಟ್ಟರೆ ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ.

ಕಂಪ್ಯೂಟರಿನೊಳಗಿನ ಟ್ರಿಪ್ಸಿನ್

ಮೊದಲ ಸ್ಕ್ರಿಪ್ಟ್ ಇಂಗ್ರಾಂ ಮಾಡಿದ್ದನ್ನೇ ಕಾಗದವಿಲ್ಲದೆ ಮಾಡುತ್ತದೆ. ಅವರು ಹಿಮೋಗ್ಲೋಬಿನ್ನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ, ಆ ತುಂಡುಗಳನ್ನು ಕಾಗದದ ಹಾಳೆಯ ಮೇಲೆ ಒಂದು ದಿಕ್ಕಿನಲ್ಲಿ ವಿದ್ಯುತ್ತಿನಿಂದಲೂ ಇನ್ನೊಂದು ದಿಕ್ಕಿನಲ್ಲಿ ದ್ರಾವಕದಿಂದಲೂ ಹರಡಿ, ಸುಮಾರು 30 ಚುಕ್ಕೆಗಳಲ್ಲಿ ಒಂದು ಮಾತ್ರ ಜಾಗ ಬದಲಿಸಿದ್ದನ್ನು ಕಂಡಿದ್ದರು. ಟ್ರಿಪ್ಸಿನ್ ಕತ್ತರಿಸುವುದು ಲೈಸೀನ್ ಮತ್ತು ಆರ್ಜಿನೀನ್‌ಗಳ ನಂತರ. ಆದ್ದರಿಂದ ಯುನಿಪ್ರಾಟ್ ಎಂಬ ಪ್ರೋಟೀನ್ ದತ್ತಸಂಚಯದಿಂದ ಆಲ್ಫಾ ಮತ್ತು ಬೀಟಾ ಸರಪಳಿಗಳ ಅನುಕ್ರಮವನ್ನು (ಅಮೈನೋ ಆಮ್ಲಕ್ಕೊಂದು ಅಕ್ಷರದಂತೆ ಬರೆದದ್ದು) ಇಳಿಸಿಕೊಂಡು ಆ ಎರಡು ಅಕ್ಷರಗಳ ಬಳಿ ತುಂಡರಿಸಿದರೆ ಆಲ್ಫಾದಿಂದ 14, ಬೀಟಾದಿಂದ 15, ಒಟ್ಟು 29 ಪೆಪ್ಟೈಡ್‌ಗಳು, ಅಂದರೆ ಸರಪಳಿಯ ತುಂಡುಗಳು, ದೊರೆಯುತ್ತವೆ. ಇಂಗ್ರಾಂ ಅವರ ಚುಕ್ಕೆಗಳ ಲೆಕ್ಕಕ್ಕೆ ಇದು ಹೊಂದಿಕೆಯಾದದ್ದು ಮೊದಲ ತಾಳೆ.

ಇಲ್ಲಿ ಒಂದು ಅಂಶವನ್ನು ನಿಧಾನವಾಗಿ ನೋಡಬೇಕು. ಬೀಟಾ ಸರಪಳಿಯ ಯುನಿಪ್ರಾಟ್ ದಾಖಲೆಯಲ್ಲಿ, ಅಂದರೆ ಪಿ68871ರಲ್ಲಿ, 147 ಅಮೈನೋ ಆಮ್ಲಗಳಿವೆ. ಪಠ್ಯಪುಸ್ತಕದ ಬೀಟಾ ಸರಪಳಿಯಲ್ಲಿರುವುದು 146. ಪ್ರೋಟೀನ್ ತಯಾರಿಕೆಯನ್ನು ಆರಂಭಿಸುವ ಮೆಥಿಯೊನೀನ್ ಜೀವಕೋಶದಲ್ಲಿ ಕಳಚಿಹೋಗುತ್ತದೆಯಾದರೂ ದತ್ತಾಂಶದ ಅನುಕ್ರಮದಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ಹಳೆಯ ಲೇಖನಗಳ ಆರನೆಯ ಸ್ಥಾನ ಇಂದಿನ ವಂಶವಾಹಿ ವರದಿಗಳಲ್ಲಿ ಏಳನೆಯದಾಗಿ ಕಾಣಿಸುತ್ತದೆ, ಮತ್ತು ಎರಡೂ ಸರಿಯೇ. ಈ ಸರಪಳಿಯಲ್ಲಿ ಆರನೆಯದೂ ಏಳನೆಯದೂ ಗ್ಲುಟಾಮಿಕ್ ಆಮ್ಲವೇ ಆಗಿರುವುದು ಅಪಾಯವನ್ನು ಹೆಚ್ಚಿಸುತ್ತದೆ. ಮೆಥಿಯೊನೀನನ್ನು ತೆಗೆದ ಮೇಲೆಯೂ ಏಳನೆಯದನ್ನು ಬದಲಿಸಿದರೆ ಸ್ಕ್ರಿಪ್ಟ್ ಚಕಾರವೆತ್ತುವುದಿಲ್ಲ, ಏಕೆಂದರೆ ಅಲ್ಲಿಯೂ ಅದು ನಿರೀಕ್ಷಿಸಿದ ಅಕ್ಷರವೇ ಸಿಗುತ್ತದೆ. ಪೆಪ್ಟೈಡಿನ ಒಟ್ಟು ದ್ರವ್ಯರಾಶಿಯೂ ಅದೇ ಬರುವುದರಿಂದ ಅಂಕಿಗಳನ್ನು ನೋಡಿ ಪತ್ತೆಹಚ್ಚುವಂತಿಲ್ಲ. ಆದ್ದರಿಂದ ಬದಲಾವಣೆಗೆ ಮುನ್ನ ಪ್ರೋಲೀನ್ ಐದನೆಯ ಸ್ಥಾನದಲ್ಲಿ, ಅಂದರೆ ಬದಲಿಸಬೇಕಾದ ಜಾಗಕ್ಕೆ ಸರಿಯಾಗಿ ಹಿಂದೆ, ಇದೆಯೇ ಎಂದು ಪರೀಕ್ಷಿಸುವ ಒಂದು ಸಾಲನ್ನು ಸೇರಿಸಿದ್ದೇನೆ. ಇಡೀ ಸ್ಕ್ರಿಪ್ಟಿನಲ್ಲಿ ಅತ್ಯಂತ ಉಪಯುಕ್ತವಾದದ್ದು ಆ ಸಾಲೇ.

ಬೀಟಾ ಸರಪಳಿಯ ಮೊದಲ ಪೆಪ್ಟೈಡ್ ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೊನೀನ್, ಪ್ರೋಲೀನ್, ಎರಡು ಗ್ಲುಟಾಮಿಕ್ ಆಮ್ಲ, ಕೊನೆಗೆ ಲೈಸೀನ್, ಹೀಗೆ ಎಂಟು ಘಟಕಗಳದು. ಒಂದು ಪ್ರೋಟಾನ್ ಸೇರಿದಾಗ ಅದರ ದ್ರವ್ಯರಾಶಿ 952.51 ಡಾಲ್ಟನ್ (ಅಣುಗಳ ದ್ರವ್ಯರಾಶಿಯ ಮಾನ) ಎಂದು ಸ್ಕ್ರಿಪ್ಟ್ ಲೆಕ್ಕ ಹಾಕುತ್ತದೆ. ಸಿಕಲ್ ರೂಪದಲ್ಲಿ ಅದು 922.54. ಎರಡು ಪ್ರೋಟಾನ್ ಹೊತ್ತ ಅಯಾನಿಗೆ, ದ್ರವ್ಯರಾಶಿಯನ್ನು ವಿದ್ಯುದಂಶದಿಂದ ಭಾಗಿಸಿದಾಗ, ಇವು ಕ್ರಮವಾಗಿ 476.76 ಮತ್ತು 461.77 ಆಗುತ್ತವೆ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಿಕಲ್ ಹಿಮೋಗ್ಲೋಬಿನ್ ಹುಡುಕುವವರು ಗುರಿಯಿಡುವುದು ಈ ಎರಡು ಸಂಖ್ಯೆಗಳಿಗೇ. ಮೆಥಿಯೊನೀನ್ ತೆಗೆಯದೆ ಲೆಕ್ಕ ಹಾಕಿದರೆ 1083.55 ಬರುತ್ತದೆ. ರೋಗಿಯ ರಕ್ತದಲ್ಲಿ ಅಂತಹ ಪೆಪ್ಟೈಡನ್ನು ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ.

ಅದೇ ಸ್ಕ್ರಿಪ್ಟನ್ನು ಬೇರೆ ರೂಪಗಳಿಗೂ ಓಡಿಸಿದೆ. ಹಿಮೋಗ್ಲೋಬಿನ್ ಸಿ ರೂಪದಲ್ಲಿ ಆರನೆಯ ಸ್ಥಾನಕ್ಕೆ ಲೈಸೀನ್ ಬರುತ್ತದೆ. ಹೊಸ ಲೈಸೀನ್ ಟ್ರಿಪ್ಸಿನ್ನಿಗೆ ಹೊಸ ಕತ್ತರಿ ಜಾಗವಾಗಿ 694.42ರ ಗಿಡ್ಡ ಪೆಪ್ಟೈಡ್ ಹುಟ್ಟುತ್ತದೆ. ಈಶಾನ್ಯ ಭಾರತದಲ್ಲಿ ಹೆಚ್ಚಾಗಿ ಕಾಣುವ ಹಿಮೋಗ್ಲೋಬಿನ್ ಇ ರೂಪದಲ್ಲಿ 26ನೆಯ ಸ್ಥಾನದಲ್ಲಿ ಇದೇ ಬದಲಾವಣೆಯಾಗಿ 916.47ರ ತುಂಡು ಸಿಗುತ್ತದೆ. ಹಿಮೋಗ್ಲೋಬಿನ್ ಡಿ-ಪಂಜಾಬ್ ರೂಪ ಮಾತ್ರ ಕಠಿಣ. 121ನೆಯ ಗ್ಲುಟಾಮಿಕ್ ಆಮ್ಲದ ಬದಲು ಗ್ಲುಟಮೀನ್ ಬಂದಾಗ ದ್ರವ್ಯರಾಶಿ ಇಳಿಯುವುದು ಒಂದು ಡಾಲ್ಟನ್‌ಗೂ ಕಡಿಮೆ. 15,867 ಡಾಲ್ಟನ್ ತೂಗುವ ಇಡೀ ಸರಪಳಿಯಲ್ಲಿ ಅದು ಸಾಧಾರಣ ಯಂತ್ರದ ಕಣ್ಣಿಗೆ ಬೀಳುವುದಿಲ್ಲ, ತುಂಡು ಮಾಡಿದ ಮೇಲಷ್ಟೇ ಬೀಳುತ್ತದೆ. ಪ್ರೋಟೀನನ್ನು ಮೊದಲು ತುಂಡರಿಸಿ ನೋಡುವ ಪದ್ಧತಿ ಏಕೆ ಉಳಿದುಬಂದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಿದ್ಯುದಂಶದ ಲೆಕ್ಕ ಬೇಗ ಮುಗಿಯಿತು. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ಎರಡು ಬೀಟಾ ಸರಪಳಿಗಳಿರುವುದರಿಂದ ಎರಡು ಋಣ ವಿದ್ಯುದಂಶಗಳು ಕಳೆದುಹೋಗುತ್ತವೆ, ಸಮವಿದ್ಯುತ್ ಬಿಂದು, ಅಂದರೆ ಅಣುವಿನ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್, ಮೇಲಕ್ಕೆ ಸರಿಯುತ್ತದೆ. ಪಾಲಿಂಗ್ ಅವರ ತಂಡ ಅಳೆದಿದ್ದ ಸುಮಾರು 0.2 ಪಿಎಚ್ ಅಂತರದ ದಿಕ್ಕನ್ನು ಅನುಕ್ರಮದ ಸರಳ ಲೆಕ್ಕವೂ ಸರಿಯಾಗಿಯೇ ತೋರಿಸುತ್ತದೆ. ಆದರೆ ಮಡಚಿಕೊಂಡ ಪ್ರೋಟೀನಿನ ನಿಜವಾದ ಬಿಂದುವನ್ನು ಈ ಲೆಕ್ಕದಿಂದ ದಶಮಾಂಶದವರೆಗೆ ಹೇಳಹೊರಡುವುದು ಸರಿಯಲ್ಲ.

ರಚನೆಯ ಫೈಲಿನ ದುರಸ್ತಿ

ಪ್ರೋಟೀನ್ ಡೇಟಾ ಬ್ಯಾಂಕಿನಿಂದ 2ಎಚ್‌ಬಿಎಸ್ ಎಂಬ ಫೈಲನ್ನು ಇಳಿಸಿಕೊಂಡೆ. ಅದರಲ್ಲಿ ಎರಡು ಪೂರ್ಣ ಹಿಮೋಗ್ಲೋಬಿನ್ ಅಣುಗಳು, ಅಂದರೆ ಎಂಟು ಸರಪಳಿಗಳು ಮತ್ತು ಎಂಟು ಹೀಮ್‌ಗಳು (ಆಮ್ಲಜನಕವನ್ನು ಹಿಡಿಯುವ ಕಬ್ಬಿಣವಿರುವ ಭಾಗಗಳು) ಇವೆ. ಇದನ್ನು ಬಿಟ್ಟು, ಅನುಕ್ರಮದಿಂದಲೇ ರಚನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಸಾಧನವಾದ ಆಲ್ಫಾಫೋಲ್ಡ್ ಊಹಿಸಿದ ರಚನೆಯನ್ನೇ ಬಳಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಆ ಸಾಧನದ ಬಗ್ಗೆ ನನಗೆ ಗೌರವವಿದೆ, 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಅದನ್ನು ರೂಪಿಸಿದವರಿಗೆ ಸಂದದ್ದು ಸರಿಯಾಗಿಯೇ ಇದೆ. ಆದರೆ ಅದರ ಮುಕ್ತ ದತ್ತಸಂಚಯದ ಪಿ68871 ಮಾದರಿಯಲ್ಲಿ ಇರುವುದು ಒಂಟಿ ಬೀಟಾ ಸರಪಳಿ. ಹೀಮ್ ಇಲ್ಲ, ಜೊತೆಗಾರ ಸರಪಳಿಗಳಿಲ್ಲ. ವ್ಯಾಲೀನ್ ಹಾಕಿ ಮತ್ತೆ ಊಹಿಸಲು ಹೇಳಿದರೂ ಆಕಾರ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ. ಅದು ಆ ಸಾಧನದ ದೋಷವಲ್ಲ. ಸಿಕಲ್ ಬದಲಾವಣೆ ಸರಪಳಿಯ ಮಡಿಕೆಯನ್ನು ನಿಜವಾಗಿಯೂ ಕೆಡಿಸುವುದಿಲ್ಲ. ಕೆಡುಕು ನಡೆಯುವುದು ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ, ಆದ್ದರಿಂದ ಅಣುವೊಂದನ್ನೇ ಇಟ್ಟುಕೊಂಡು ಅದರ ಸ್ಥಿರತೆಯನ್ನಷ್ಟೇ ಅಳೆಯುವ ಯಾವ ವಿಧಾನಕ್ಕೂ ಈ ಕಾಯಿಲೆ ಕಾಣುವುದಿಲ್ಲ.

ಹರಳಿನ ಫೈಲು ಕೈಗೆ ಬಂದ ಕೂಡಲೇ ಲೆಕ್ಕಕ್ಕೆ ಯೋಗ್ಯವಾಗಿರುವುದಿಲ್ಲ. ಮೊದಲು 465 ಮತ್ತು 470ನೆಯ ಟಿಪ್ಪಣಿ ಸಾಲುಗಳಲ್ಲಿ ಕಾಣೆಯಾದ ಘಟಕ ಮತ್ತು ಪರಮಾಣುಗಳ ಪಟ್ಟಿ ಇದೆಯೇ ಎಂದು ನೋಡಬೇಕು. ಒಂದೇ ಪಾರ್ಶ್ವ ಸರಪಳಿಗೆ (ಅಮೈನೋ ಆಮ್ಲದಿಂದ ಪಕ್ಕಕ್ಕೆ ಚಾಚಿದ ಭಾಗಕ್ಕೆ) ಎರಡು ನಿಲುವುಗಳನ್ನು ಕೊಟ್ಟಿದ್ದರೆ ಒಂದನ್ನು ಆರಿಸಬೇಕು. ನೀರಿನ ಅಣುಗಳನ್ನೆಲ್ಲ ಸಾರಾಸಗಟಾಗಿ ಅಳಿಸುವ ರೂಢಿಯಿದೆ. ನಾನು ಎರಡು ಅಣುಗಳು ತಾಗುವ ಜಾಗದ ನೀರನ್ನು ಉಳಿಸಿಕೊಂಡೆ, ಏಕೆಂದರೆ ನಮ್ಮ ಪ್ರಶ್ನೆಯೇ ಅಲ್ಲಿ ನೀರು ಇದೆಯೇ ಹೊರದೂಡಲ್ಪಟ್ಟಿದೆಯೇ ಎಂಬುದು.

ಹೆಚ್ಚು ಸಮಯ ತೆಗೆದುಕೊಂಡದ್ದು ಹಿಸ್ಟಿಡೀನ್‌ಗಳು. ಎಕ್ಸ್ ಕಿರಣಗಳಿಗೆ ಈ ಸ್ಪಷ್ಟತೆಯಲ್ಲಿ ಹೈಡ್ರೊಜನ್ ಕಾಣುವುದಿಲ್ಲವಾದ್ದರಿಂದ ಅವುಗಳನ್ನು ನಾವೇ ಸೇರಿಸಬೇಕು. ಹಿಸ್ಟಿಡೀನಿನ ಉಂಗುರದಲ್ಲಿ ಎರಡು ಸಾರಜನಕಗಳಿದ್ದು, ಹೈಡ್ರೊಜನ್ ಒಂದರ ಮೇಲೋ ಇನ್ನೊಂದರ ಮೇಲೋ ಎರಡರ ಮೇಲೂ ಇರಬಹುದು. ಒಂದು ಅಣುವಿಗೆ 38ರಂತೆ ಎರಡು ಅಣುಗಳಲ್ಲಿ 76 ಹಿಸ್ಟಿಡೀನ್‌ಗಳು. ಪಿಎಚ್ 7 ಎಂದು ತಿಳಿಸಿ ಬಟನ್ ಒತ್ತಿದರೆ ಪಿಡಿಬಿಫಿಕ್ಸರ್‌ನಂತಹ ಸಾಧನ ಇವೆಲ್ಲವನ್ನೂ ತಟಸ್ಥವೆಂದು ಬಗೆಯುತ್ತದೆ. ಆದರೆ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಸರಪಳಿಯ ಕೊನೆಯ ಹಿಸ್ಟಿಡೀನ್, ಅಂದರೆ 146ನೆಯದು, 94ನೆಯ ಆಸ್ಪಾರ್ಟಿಕ್ ಆಮ್ಲದೊಡನೆ ಲವಣ ಸೇತುವೆ (ವಿರುದ್ಧ ವಿದ್ಯುದಂಶಗಳ ಸೆಳೆತದ ಕೊಂಡಿ) ಕಟ್ಟಿಕೊಂಡು ಪ್ರೋಟಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮ್ಲತೆ ಹೆಚ್ಚಿದಂತೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವ ಬೋರ್ ಪರಿಣಾಮದ ದೊಡ್ಡ ಪಾಲು ಬರುವುದು ಇಲ್ಲಿಂದಲೇ. ಅದನ್ನು ತಟಸ್ಥವಾಗಿಸಿದರೆ ಆಮ್ಲಜನಕರಹಿತ ಸ್ಥಿತಿಯನ್ನು ಹಿಡಿದಿಡುವ ಕೊಂಡಿಯೊಂದನ್ನು ನಾವೇ ಕಳಚಿದಂತಾಗುತ್ತದೆ. ಆದ್ದರಿಂದ ನಾಲ್ಕೂ ಬೀಟಾ ಸರಪಳಿಗಳ 146ನೆಯ ಹಿಸ್ಟಿಡೀನನ್ನು ಧನ ವಿದ್ಯುದಂಶದ ರೂಪದಲ್ಲಿ ಕೈಯಾರೆ ಬರೆದೆ. ಕಬ್ಬಿಣವನ್ನು ಹಿಡಿದಿರುವ ಎಂಟು ಹಿಸ್ಟಿಡೀನ್‌ಗಳಲ್ಲಿ, ಆಲ್ಫಾದ 87ನೆಯದು ಮತ್ತು ಬೀಟಾದ 92ನೆಯದರಲ್ಲಿ, ಹೈಡ್ರೊಜನ್ ಕಬ್ಬಿಣಕ್ಕೆ ಅಂಟದ ಸಾರಜನಕದ ಮೇಲೆಯೇ ಇರುವಂತೆ ನೋಡಿಕೊಂಡೆ.

ಕಬ್ಬಿಣದ ಆ ಬಂಧವೂ ತಾನಾಗಿ ಬರುವುದಿಲ್ಲ. ಗ್ರೋಮ್ಯಾಕ್ಸ್ ತನ್ನ ವಿಶೇಷ ಬಂಧಗಳ ಪಟ್ಟಿಯಲ್ಲಿ ಹಿಸ್ಟಿಡೀನ್ ಮತ್ತು ಹೀಮ್ ಕಬ್ಬಿಣದ ನಡುವಿನ ದೂರವನ್ನು 0.2 ನ್ಯಾನೊಮೀಟರ್ ಎಂದು ಇಟ್ಟುಕೊಂಡಿದ್ದು, ಶೇ. 10ರಷ್ಟು ಹೆಚ್ಚುಕಡಿಮೆಯನ್ನು ಮಾತ್ರ ಒಪ್ಪುತ್ತದೆ. ಆಮ್ಲಜನಕರಹಿತ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಹೀಮಿನ ಸಮತಲದಿಂದ ಹಿಸ್ಟಿಡೀನಿನತ್ತ ಸರಿದಿದ್ದು, ಅವೆರಡರ ಬಂಧವೂ ತುಸು ಉದ್ದವಿರುವುದರಿಂದ ದೂರ ಆ ಮೇಲ್ಮಿತಿಯ ಆಸುಪಾಸಿನಲ್ಲೇ ಬರುತ್ತದೆ. ಮಿತಿ ದಾಟಿದ ಸರಪಳಿಯಲ್ಲಿ ಪ್ರೋಗ್ರಾಂ ಬಂಧವನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಹೀಮ್ ತನ್ನ ಗೂಡಿನಲ್ಲಿ ಸಡಿಲವಾಗಿ ತೇಲುತ್ತಿದ್ದರೂ ಸಿಮ್ಯುಲೇಶನ್ ಓಡುತ್ತಲೇ ಇರುತ್ತದೆ. ಪಟ್ಟಿಯ ಆ ದೂರವನ್ನು ತುಸು ಹಿಗ್ಗಿಸಿ, ಯಾವ ಪರಮಾಣು ಯಾವುದಕ್ಕೆ ಬಂಧಿಸಿದೆ ಎಂದು ಬರೆದಿರುವ ಟೊಪಾಲಜಿ ಫೈಲಿನಲ್ಲಿ ಎಂಟೂ ಕಬ್ಬಿಣಗಳ ಬಂಧ ಬರೆದಿದೆಯೇ ಎಂದು ಎಣಿಸಿ ನೋಡಿಯೇ ಮುಂದುವರಿಯಬೇಕು.

ವ್ಯಾಲೀನ್ ಕೂರುವ ಜಾಗ

ದುರಸ್ತಿಯಾದ ಫೈಲಿನ ಮೇಲೆ ಓಡಿಸಿದ ಸ್ಕ್ರಿಪ್ಟ್ ಚಿಕ್ಕದು. ನಾಲ್ಕು ಬೀಟಾ ಸರಪಳಿಗಳ ಆರನೆಯ ಘಟಕ ನಿಜಕ್ಕೂ ವ್ಯಾಲೀನೇ ಎಂದು ಪರೀಕ್ಷಿಸಿ, ಅದರ ಪಾರ್ಶ್ವ ಸರಪಳಿಯಿಂದ 4.5 ಆಂಗ್‌ಸ್ಟ್ರಮ್ ಒಳಗೆ ಬೇರೊಂದು ಹಿಮೋಗ್ಲೋಬಿನ್ ಅಣುವಿನ ಯಾವ ಪರಮಾಣುಗಳಿವೆ ಎಂದು ಹುಡುಕುತ್ತದೆ. ಫೈಲಿನಲ್ಲಿ ಬರೆದಿರುವ ಎರಡು ಅಣುಗಳನ್ನಷ್ಟೇ ನೋಡಿದರೆ ಸಾಲದು. ಹರಳಿನಲ್ಲಿ ಅದೇ ಜೋಡಿ ಎಲ್ಲ ದಿಕ್ಕುಗಳಲ್ಲೂ ಮರುಕಳಿಸುತ್ತದೆ, ಆದ್ದರಿಂದ ಸಮಮಿತಿಯ ಸೂತ್ರಗಳಿಂದ ನೆರೆಯ ಪ್ರತಿಗಳನ್ನೂ ನಿರ್ಮಿಸಿಕೊಂಡೇ ಹುಡುಕಬೇಕು.

ಸಿಕ್ಕ ಪಟ್ಟಿಯಲ್ಲಿ ಎದ್ದು ಕಂಡದ್ದು ಪಕ್ಕದ ಅಣುವಿನ ಬೀಟಾ ಸರಪಳಿಯ 85ನೆಯ ಫಿನೈಲ್‌ಅಲನೀನ್ ಮತ್ತು 88ನೆಯ ಲ್ಯೂಸೀನ್. ಕಾಜದೊಳಗೆ ಗುಂಡಿ ಕೂರುವಂತೆ ವ್ಯಾಲೀನಿನ ಎರಡು ಮೀಥೈಲ್ ಗುಂಪುಗಳು ಆ ಎಣ್ಣೆಜಿಡ್ಡಿನ ತಗ್ಗಿನಲ್ಲಿ ಕೂತಿರುತ್ತವೆ. ಪಕ್ಕದಲ್ಲೇ ನಾಲ್ಕನೆಯ ಥ್ರಿಯೊನೀನ್ ಎದುರಿನ 73ನೆಯ ಆಸ್ಪಾರ್ಟಿಕ್ ಆಮ್ಲದೊಡನೆ ಹೈಡ್ರೊಜನ್ ಬಂಧ ಮಾಡಿಕೊಂಡು ಈ ಜೋಡಣೆಯನ್ನು ಬಿಗಿಗೊಳಿಸುತ್ತದೆ. ನೀರಿನ ಅಣುವನ್ನು ಹೋಲುವ 1.4 ಆಂಗ್‌ಸ್ಟ್ರಮ್ ತ್ರಿಜ್ಯದ ಗೋಲವನ್ನು ಉರುಳಿಸಿ ನೀರಿಗೆ ತೆರೆದ ಮೇಲ್ಮೈಯನ್ನು ಅಳೆದರೆ, ಒಂಟಿ ಅಣುವಿನಲ್ಲಿ ಹೊರಗೆ ತೆರೆದುಕೊಂಡಿದ್ದ ವ್ಯಾಲೀನ್ ಜೋಡಿಯಲ್ಲಿ ಬಹುಪಾಲು ಮುಚ್ಚಿಹೋಗಿರುವುದು ಕಾಣುತ್ತದೆ. ನೀರಿಗೆ ಒಗ್ಗದ ಮೇಲ್ಮೈ ನೀರಿನಿಂದ ಮರೆಯಾಗುವ ಈ ಲಾಭವೇ ಅಣುಗಳನ್ನು ಒಂದಕ್ಕೊಂದು ಸೇರಿಸುವ ಶಕ್ತಿ.

ಇಲ್ಲಿ ಗಮನಿಸತಕ್ಕ ಎರಡು ಸಂಗತಿಗಳಿವೆ. ನಾಲ್ಕು ವ್ಯಾಲೀನ್‌ಗಳಲ್ಲಿ ಹೀಗೆ ಕೂರುವುದು ಎರಡು ಮಾತ್ರ, ಅಣುವಿಗೆ ಒಂದರಂತೆ. ಉಳಿದೆರಡಕ್ಕೆ ಇಂತಹ ತಗ್ಗು ಸಿಗುವುದಿಲ್ಲ. ಹೀಗೆ ಅಂಟಿಕೊಂಡ ಅಣುಗಳು ಜೀವಕೋಶದೊಳಗೆ ಕಟ್ಟುವ, ಕಣವನ್ನು ಬಾಗಿಸುವ ನಾರೂ ಇಂತಹ ಜೋಡಿ ಎಳೆಗಳಿಂದಲೇ, ಏಳು ಜೋಡಿಗಳಂತೆ 14 ಎಳೆಗಳಿಂದ, ಕಟ್ಟಲ್ಪಟ್ಟಿದೆ. ಎರಡನೆಯದಾಗಿ, ವ್ಯಾಲೀನನ್ನು ಬರಮಾಡಿಕೊಳ್ಳುವ ತಗ್ಗು ಸಿಕಲ್ ಹಿಮೋಗ್ಲೋಬಿನ್ನಿನ ವಿಶೇಷವಲ್ಲ. 85 ಮತ್ತು 88ನೆಯ ಸ್ಥಾನಗಳು ಎಲ್ಲರ ಬೀಟಾ ಸರಪಳಿಯಲ್ಲೂ ಹಾಗೆಯೇ ಇವೆ. ಕಾಯಿಲೆಯಲ್ಲಿ ಹೊಸದಾಗಿ ಬಂದದ್ದು ಅದರೊಳಗೆ ಕೂರುವ ಭಾಗ ಮಾತ್ರ. ಆಮ್ಲಜನಕ ಸೇರಿದಾಗ ಅಣುವಿನ ಎರಡು ಅರ್ಧಗಳು ಒಂದಕ್ಕೊಂದು ಸುಮಾರು 15 ಡಿಗ್ರಿ ತಿರುಗಿ ಈ ಜೋಡಣೆ ತಪ್ಪಿಹೋಗುತ್ತದೆ, ಅದಕ್ಕೇ ಕೆಂಪು ರಕ್ತಕಣ ಬಾಗುವುದು ಆಮ್ಲಜನಕ ಬಿಟ್ಟುಕೊಟ್ಟ ಮೇಲೆ.

87ನೆಯ ಸ್ಥಾನ

ತಗ್ಗಿನ ಅಂಚಿನಲ್ಲಿರುವ 87ನೆಯ ಥ್ರಿಯೊನೀನನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಭ್ರೂಣದ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಬದಲಿಗೆ ಇರುವ ಗಾಮಾ ಸರಪಳಿಯಲ್ಲಿ ಈ ಸ್ಥಾನದಲ್ಲಿರುವುದು ಗ್ಲುಟಮೀನ್, ಮತ್ತು ಭ್ರೂಣದ ಹಿಮೋಗ್ಲೋಬಿನ್ ಸಿಕಲ್ ನಾರಿನೊಳಗೆ ಸೇರುವುದಿಲ್ಲ. ಭಾರತದಲ್ಲಿ ಸಾಮಾನ್ಯವಾದ ಅರಬ್-ಇಂಡಿಯನ್ ವಂಶವಾಹಿ ಹಿನ್ನೆಲೆಯ ರೋಗಿಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿದಿರುವುದರಿಂದ ಕಾಯಿಲೆ ಅನೇಕ ವೇಳೆ ಸೌಮ್ಯವಾಗಿರುತ್ತದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಡುವುದೂ ಮುಖ್ಯವಾಗಿ ಅದನ್ನು ಹೆಚ್ಚಿಸಲೆಂದೇ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲಿಫ್ಜೀನಿಯಾ ಎಂಬ ವಂಶವಾಹಿ ಚಿಕಿತ್ಸೆಯಲ್ಲಿ ರೋಗಿಯ ಕಾಂಡಕೋಶಗಳಿಗೆ ಸೇರಿಸುವ ಬೀಟಾ ವಂಶವಾಹಿಯಲ್ಲೂ 87ನೆಯ ಸ್ಥಾನಕ್ಕೆ ಗ್ಲುಟಮೀನನ್ನೇ ಹಾಕಲಾಗಿದೆ.

ಕೈಮೆರಾ ಎಕ್ಸ್‌ನಲ್ಲಿ ಆ ಒಂದು ಘಟಕವನ್ನು ಬದಲಿಸಿ, ಗ್ಲುಟಮೀನಿನ ಪಾರ್ಶ್ವ ಸರಪಳಿ ಸಾಮಾನ್ಯವಾಗಿ ತಾಳುವ ನಿಲುವುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಕೆಲವು ನಿಲುವುಗಳಲ್ಲಿ ಅದು ವ್ಯಾಲೀನ್ ಬರುವ ದಾರಿಗೆ ಅಡ್ಡ ಚಾಚಿ ಡಿಕ್ಕಿಯಾಗುತ್ತದೆ, ಕೆಲವುಗಳಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ನಿಶ್ಚಲ ಚಿತ್ರದಿಂದ ಹೇಳಬಹುದಾದದ್ದು ಇಷ್ಟೇ, ಇದನ್ನು ಪುರಾವೆಯೆಂದು ನಾನು ಕರೆಯುವುದಿಲ್ಲ. ಥ್ರಿಯೊನೀನಿಗಿಂತ ಉದ್ದವಾದ, ನೀರಿನೊಡನೆ ಬಂಧ ಬಯಸುವ ಸರಪಳಿಯೊಂದು ಎಣ್ಣೆಜಿಡ್ಡಿನ ತಗ್ಗಿನ ಬಾಗಿಲಲ್ಲಿ ನಿಂತರೆ ಒಟ್ಟು ಲಾಭ ಎಷ್ಟು ಕಡಿಮೆಯಾಗುತ್ತದೆ ಎಂಬುದು ಶಕ್ತಿಯ ಲೆಕ್ಕ, ಅದಕ್ಕೆ ಚಲನೆ ಬೇಕು.

ಚಲನೆಯ ಲೆಕ್ಕದ ಮಿತಿಯೂ ಮೊದಲೇ ಗೊತ್ತಿರಬೇಕು. ಎರಡು ಅಣುಗಳನ್ನು ನೀರಿನ ಪೆಟ್ಟಿಗೆಯಲ್ಲಿಟ್ಟರೆ ಪರಮಾಣುಗಳ ಸಂಖ್ಯೆ ಲಕ್ಷಗಳಿಗೆ ಏರುತ್ತದೆ. ಪ್ರತಿ ಹೆಜ್ಜೆಗೆ 2 ಫೆಮ್ಟೊಸೆಕೆಂಡಿನಂತೆ ಒಂದು ಮೈಕ್ರೊಸೆಕೆಂಡ್ ತಲುಪಲು 50 ಕೋಟಿ ಹೆಜ್ಜೆಗಳು ಬೇಕು, ರಕ್ತಕಣದಲ್ಲಿ ನಾರು ಬೆಳೆಯುವುದಾದರೋ ಅದಕ್ಕಿಂತ ಬಹಳ ನಿಧಾನವಾಗಿ. ಆದ್ದರಿಂದ ನಾರು ಹುಟ್ಟುವುದನ್ನು ಈ ಕಂಪ್ಯೂಟರಿನಲ್ಲಿ ನೋಡುವ ಆಸೆ ಬಿಟ್ಟು, ಈಗಾಗಲೇ ಕೂತಿರುವ ವ್ಯಾಲೀನ್ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬ ಸಣ್ಣ ಪ್ರಶ್ನೆಗೆ ಸೀಮಿತಗೊಳಿಸಿದ್ದೇನೆ. ವ್ಯಾಲೀನನ್ನು ಜೋಡಿಯಲ್ಲೂ ಒಂಟಿ ಅಣುವಿನಲ್ಲೂ ಹಂತಹಂತವಾಗಿ ಗ್ಲುಟಾಮಿಕ್ ಆಮ್ಲವಾಗಿ ಪರಿವರ್ತಿಸಿ ಎರಡರ ಶಕ್ತಿ ವ್ಯತ್ಯಾಸವನ್ನು ಕಳೆಯುವುದು ಅದಕ್ಕಿರುವ ವಿಧಾನ. ಆದರೆ ಈ ಪರಿವರ್ತನೆಯಲ್ಲಿ ಪೆಟ್ಟಿಗೆಯ ಒಟ್ಟು ವಿದ್ಯುದಂಶವೇ ಬದಲಾಗುವುದರಿಂದ, ಎಲ್ಲ ದಿಕ್ಕುಗಳಲ್ಲೂ ಮರುಕಳಿಸುತ್ತದೆಂದು ಬಗೆದ ಪೆಟ್ಟಿಗೆಗಳ ವಿದ್ಯುತ್ ಲೆಕ್ಕದಲ್ಲಿ ದೋಷ ನುಸುಳುತ್ತದೆ. ಅದನ್ನು ತಡೆಯಲು ದೂರದ ನೀರಿನ ಅಣುವೊಂದನ್ನು ಅದೇ ಹೆಜ್ಜೆಗಳಲ್ಲಿ ಸೋಡಿಯಂ ಅಯಾನಾಗಿ ಪರಿವರ್ತಿಸಿ ಒಟ್ಟು ವಿದ್ಯುದಂಶವನ್ನು ಸಮವಾಗಿಡಬೇಕಾಗುತ್ತದೆ. ಸದ್ಯ ಆ ಟೊಪಾಲಜಿ ಫೈಲುಗಳನ್ನು ಬರೆಯುತ್ತಿದ್ದೇನೆ. 87ನೆಯ ಸ್ಥಾನದಲ್ಲಿ ಥ್ರಿಯೊನೀನ್ ಇರುವ ಜೋಡಿ ಮೊದಲು ಓಡುತ್ತದೆ, ಗ್ಲುಟಮೀನ್ ಇರುವುದು ಅದರ ನಂತರ.